ಅವ್ವ ಹಾಕಿದ ಕೂಗು

ಮುತ್ತುಗದ ಹೂವು ಕಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಾನಾಗ ಆರನೆಯ ತರಗತಿ. ಹೈದರಾಬಾದಿನ ಉದ್ಯಾನವೊಂದಕ್ಕೆ ವಲಸೆ ಹಕ್ಕಿ ತೋರಿಸಲು ಟೀಚರು ಕರೆದೊಯ್ದಿದ್ದರು. ಪ್ರತಿ ಮಗುವಿನ ಜೊತೆ ದೊಡ್ಡವರೊಬ್ಬರು ಬರಬೇಕಿತ್ತು. ಅಪ್ಪನಿಗೆ ಬಾಲಾನಗರದ ಕಾರ್ಖಾನೆಯಲ್ಲಿ ಹಗಲು ಪಾಳಿ. ಹಾಗಾಗಿ ಅವ್ವ ಬಂದಿದ್ದಳು, ಇಳಕಲ್ ಸೀರೆಯುಟ್ಟು, ರೊಟ್ಟಿ ಗಂಟು ಹಿಡಿದು.

ಎಲೆಯುದುರಿ ಹೂಬಿಟ್ಟಿದ್ದ ಮುತ್ತುಗದ ಮರದ ತುಂಬ ಗುಲಾಬಿ ಕಬ್ಬಕ್ಕಿಗಳು ಕೂತಿದ್ದವು. ಇನ್ನೊಂದು ವಾರದಲ್ಲಿ ಅವು ದೂರದೇಶಕ್ಕೆ ಹಾರಿಹೋಗುತ್ತವೆಂದು ಟೀಚರು ಪಿಸುಗುಟ್ಟಿದರು. ಇದ್ದ ಒಂದೇ ದುರ್ಬೀನು ಕೈಯಿಂದ ಕೈಗೆ ಬರುತ್ತಿತ್ತು. ಮುಂದಿನ ಸರದಿ ನನ್ನದು.

ಅವ್ವನಿಗೂ ಅವು ಕಂಡವು. ಮದುವೆಗೆ ಮುಂಚೆ ಗದಗಿನ ಕಡೆ ಜೋಳದ ಹೊಲದಲ್ಲಿ ಅಟ್ಟಣಿಗೆ ಏರಿ ಹಕ್ಕಿ ಕಾಯ್ದವಳು ಅವಳು.

"ಹೋಯ್! ಹೋ!" ಎಂದು ಕೂಗಿ ಚಪ್ಪಾಳೆ ತಟ್ಟಿಯೇಬಿಟ್ಟಳು. ಮರ ಖಾಲಿಯಾಯಿತು.

"ತಾನ ಬಾಯಾಗ ಬಂದ್ಬಿಡ್ತ್ರಿ," ಎಂದು ಅವ್ವ ಗಡಿಬಿಡಿಯಲ್ಲಿ ಊರಿನ ಮಾತಲ್ಲೇ ಹೇಳಿ ನಾಚಿ ನಕ್ಕಳು. "ನಮ್ಮೂರಾಗ ಇವು ತೆನಿ ಭಾಳ ಮುಕ್ತಾವ್ರಿ."

ಕನ್ನಡ ಯಾರಿಗೂ ತಿಳಿಯಲಿಲ್ಲ. ಮಕ್ಕಳೆಲ್ಲ ಅವಳನ್ನೇ ದಿಟ್ಟಿಸುತ್ತಿದ್ದರು.

"ನಿಮ್ಮಮ್ಮನಾ?" ಎಂದು ಟೀಚರು ತೆಲುಗಿನಲ್ಲಿ ನನ್ನನ್ನು ಕೇಳಿದರು.

"ಅಲ್ಲ, ಪಕ್ಕದ ಮನೆಯವರು," ಎಂದು ನಾನೂ ತೆಲುಗಿನಲ್ಲೇ ಅಂದೆ.

ಹತ್ತು ವರ್ಷ ಕಾಲನಿಯ ನಲ್ಲಿಯಲ್ಲಿ ಸರದಿ ನಿಂತು ನೀರು ಹಿಡಿದ ಅವ್ವನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು.

ಊಟದ ಹೊತ್ತಿಗೆ ಅವಳು ಗಂಟು ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಮುಂದಿಟ್ಟಳು. ಆಮೇಲೆ ಟೀಚರಿಗೆ ಕೇಳುವಂತೆ ತೆಲುಗಿನಲ್ಲಿ ಹೇಳಿದಳು:

"ತಿನ್ನಮ್ಮ. ನಿಮ್ಮಮ್ಮ ಕಳಿಸಿದ್ದಾಳೆ."