ಒಂದೇ ಸಾಲಿನ ಸಲಹೆ

ಅಣ್ಣ ಎಂಟರ್ ಕೀ ಒತ್ತಿದ್ದೇ ತಡ, ಬೆಳಗ್ಗೆಯಿಂದ ಕಷ್ಟಪಟ್ಟು ತುಂಬಿದ್ದ ಕೆಲಸದ ಅರ್ಜಿಯೆಲ್ಲ ಅಳಿಸಿಹೋಯಿತು. ‘ಕಳುಹಿಸು’ ಗುಂಡಿಯ ಬದಲು ಪಕ್ಕದ ‘ಅಳಿಸು’ ಗುಂಡಿ ಒತ್ತಿಬಿಟ್ಟಿದ್ದ. ಕಾಯಿಲೆ ಬಿದ್ದ ಮೇಲೆ ಅವನ ಕೈ ನಡುಗುತ್ತದೆ, ಮೌಸ್ ಹಿಡಿಯಲಾಗದು. ಟ್ಯಾಬ್ ಕೀ ಒತ್ತುತ್ತಾ ಒಂದೊಂದೇ ಖಾನೆ ದಾಟಿ ಹೋಗುತ್ತಾನೆ.

“ಯಾವ ಗುಂಡಿ ಮೇಲಿದೀನಿ ಅಂತಲೇ ಕಾಣಲ್ಲ ಕಣೇ. ಇದನ್ನ ಮಾಡಿದ ಪುಣ್ಯಾತ್ಮ ಯಾರೋ!” ಎಂದ.

ತಂಗಿ ವೆಬ್‌ಸೈಟ್ ಕಟ್ಟುವವಳು. ಹೊಸಬರಿಗೆಂದು ಕೋಡಿನ ಸಣ್ಣಪುಟ್ಟ ಸಲಹೆಗಳನ್ನು ಅಂತರ್ಜಾಲದಲ್ಲಿ ಬರೆದು ಹಾಕಿ ಹೆಸರು ಗಳಿಸಿದ್ದಳು. ಕುರ್ಚಿ ಎಳೆದುಕೊಂಡು ಆ ಪುಟದ ಕೋಡ್ ತೆರೆದಳು. ಆಯ್ಕೆಯಾದ ಗುಂಡಿಯ ಸುತ್ತ ಮೂಡಬೇಕಾದ ನೀಲಿ ಗೆರೆಯನ್ನು ಒಂದೇ ಸಾಲಿನಲ್ಲಿ ತೆಗೆದುಹಾಕಿದ್ದರು. ಪಕ್ಕದಲ್ಲೇ ಟಿಪ್ಪಣಿ: ‘ಈ ದರಿದ್ರ ಗೆರೆಗೆ ಇಲ್ಲಿಗೆ ಮಂಗಳ!’ ಮಾತೂ ಅವಳದೇ, ಸಲಹೆಯೂ ಅವಳದೇ. ಅವಳು ಬರೆದದ್ದರಲ್ಲಿ ಜನ ಮುಗಿಬಿದ್ದು ನಕಲು ಮಾಡಿಕೊಂಡದ್ದು ಇದನ್ನೇ.

“ಅಣ್ಣ, ಆ ಪುಣ್ಯಾತ್ಮೆ ನಾನೇ,” ಎಂದಳು. “ಪುಟ ಚೆಂದ ಕಾಣ್ಲಿ ಅಂತ ಆ ಗೆರೆ ತೆಗೆಯೋಕೆ ಎಲ್ಲರಿಗೂ ಹೇಳ್ಕೊಟ್ಟೆ.”

ಕೂಡಲೇ ತಾನು ಸಲಹೆ ಹಾಕಿದ್ದ ಪುಟ ತೆರೆದು ಅದನ್ನು ಹೊಡೆದುಹಾಕಿ, ‘ಇದನ್ನು ಬಳಸಿದವರು ದಯವಿಟ್ಟು ತೆಗೆದುಬಿಡಿ, ತಪ್ಪು ನನ್ನದು’ ಎಂದು ಕೆಳಗೆ ಬರೆದಳು. ಆಮೇಲೆ ಕೀಬೋರ್ಡ್ ತನ್ನತ್ತ ಎಳೆದುಕೊಂಡು, “ಅರ್ಜಿ ನಾನೇ ತುಂಬಿಕೊಡ್ತೀನಿ,” ಎಂದಳು.

ಅವನು ನಡುಗುವ ಕೈಯಿಂದಲೇ ಅದನ್ನು ವಾಪಸ್ ಎಳೆದುಕೊಂಡ.

“ನೀನು ನನ್ನ ಕಂಪ್ಯೂಟರಲ್ಲಿ ಆ ಗೆರೆ ಹಾಕಿಕೊಡು ಸಾಕು. ಅರ್ಜಿ ನಾನು ತುಂಬ್ತೀನಿ.”