ಪಾಲಿಗೆ ಬಂದ ಆಟ

ಮನೆ ಪಾಲಾದಾಗ ಕಂಪ್ಯೂಟರ್ ಅಣ್ಣನಿಗೆ ಬಂತು, ಅದರಲ್ಲಿ ಆಡುವ ನಿಧಿ ಹುಡುಕುವ ಆಟದ ಸಿ.ಡಿ. ತಮ್ಮನಿಗೆ. ಅಂದಿನಿಂದ ಅವರ ನಡುವೆ ಬೆಳೆದ ಮೌನದ ಮುಂದೆ ಹಿಮಾಲಯವೂ ಒಂದು ದಿಬ್ಬ. ಮನೆಯ ನಡುವೆ ಗೋಡೆ ಬೇರೆ ಎದ್ದಿತು.

ಒಂದು ಯುಗ ಕಳೆದ ಮೇಲೆ ತಮ್ಮ ತಾನಾಗಿಯೇ ಸಿ.ಡಿ. ಹಿಡಿದು ಬಂದು, "ಆಡೋಣ್ವಾ?" ಎಂದ. ಅಣ್ಣ ಓಡಿಹೋಗಿ ಸ್ವಿಚ್ ಒತ್ತಿದ. ಆ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಅಕ್ಕಿ ನೆನೆಸಿ, ರುಬ್ಬಿ, ದೋಸೆ ಹುಯ್ದು ಊರಿಗೆಲ್ಲ ಬಡಿಸಬಹುದಿತ್ತು. ಆಟ ಇನ್‌ಸ್ಟಾಲ್ ಆಗುವಷ್ಟರಲ್ಲಿ ತಿಂದವರಿಗೆಲ್ಲ ಮೊಮ್ಮಕ್ಕಳಾಗಬಹುದಿತ್ತು.

"ದೀಪದ ಮೇಲೆ ಒತ್ತೋ, ಕತ್ತೆ!" ಎಂದ ಅಣ್ಣ.

"ನೀನೇ ಕತ್ತೆ. ಮೊದ್ಲು ಹಗ್ಗ ಬಾವಿಗೆ ಹಾಕ್ಬೇಕು, ನೋಡು," ಎಂದು ತಮ್ಮ ಮೌಸ್ ಒತ್ತಿದ.

"ನಿಧಿ ಸಿಕ್ರೆ ಗೋಡೆ ಒಡೆದುಬಿಡೋಣ್ವಾ?" ಅಣ್ಣ ಕೇಳಿಯೇಬಿಟ್ಟ.

"ಸಿಗ್ಲಿ ಮೊದ್ಲು. ಸುತ್ತಿಗೆ ನಾನೇ ತರ್ತೀನಿ."

ಬಾವಿಯ ತಳದಲ್ಲಿ ಬಾಗಿಲು ತೆರೆಯಿತು. ಪರದೆ ಕಪ್ಪಾಗಿ, ಎರಡನೇ ಸಿ.ಡಿ. ಹಾಕಿ ಎಂದಿತು.

"ಹಾಕೋ," ಎಂದ ಅಣ್ಣ.

"ನನ್ನ ಪಾಲಿಗೆ ಬಂದಿದ್ದು ಒಂದೇ. ಇನ್ನೊಂದು ನಿನ್ನ ಹತ್ರ ಇಲ್ವಾ?"

ಅಣ್ಣನಿಗೆ ಆಗ ನೆನಪಾಯಿತು. ತಾವಿಬ್ಬರೂ ಸೇರಿ ಗದರಿಸಿ, ಆಸ್ತಿ ಬೇಡವೆಂದು ಸಹಿ ಹಾಕಿಸಿಕೊಂಡ ದಿನ, "ಇದೊಂದಾದ್ರೂ ನನಗಿರ್ಲಿ" ಎಂದು ತಂಗಿ ಎತ್ತಿಕೊಂಡು ಹೋದದ್ದು ಆ ಎರಡನೇ ಸಿ.ಡಿ.ಯನ್ನೇ.