ಪೈಪಿನ ಪಕ್ಕದ ಚಮಚ

ಈಗಲೂ ತುಪ್ಪದಲ್ಲಿ ಲವಂಗ ಹುರಿದ ವಾಸನೆ ಬಂದರೆ ನನ್ನ ಕೈ ಆ ಹಿತ್ತಾಳೆಯ ಹಿಡಿಯನ್ನು ಹುಡುಕುತ್ತದೆ.

ಅಮೆರಿಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟಿನಲ್ಲಿ ನನಗಾಗ ಏಳು ವರ್ಷ. ಸ್ಕೂಲಿನಿಂದ ಬಂದು, ಅಮ್ಮ ಆಫೀಸಿನಿಂದ ಬರುವವರೆಗೆ ಒಬ್ಬಳೇ ಇರುತ್ತಿದ್ದೆ. "ಒಬ್ಳೇ ಇದೀಯ ಅಂತ ಯಾರಿಗೂ ಗೊತ್ತಾಗ್ಬಾರ್ದು. ಪೊಲೀಸ್ ಬಂದು ಕರ್ಕೊಂಡ್ ಹೋಗ್ತಾರೆ," ಎಂದು ಅಮ್ಮ ದಿನವೂ ಹೇಳುತ್ತಿದ್ದಳು.

ಆ ಮಧ್ಯಾಹ್ನ ಬಾತ್‌ರೂಮಿನ ಬಾಗಿಲ ಒಳಗಿನ ಹಿತ್ತಾಳೆಯ ಹಿಡಿ ಕಳಚಿ ಕೈಗೇ ಬಂತು; ನಾನು ಒಳಗೇ ಸಿಕ್ಕಿಕೊಂಡೆ. ಕಿಟಕಿ ಇರಲಿಲ್ಲ. ಕೂಗಲು ಹೆದರಿ, ಟವೆಲ್ ಕಚ್ಚಿಕೊಂಡು ಅತ್ತೆ. ಗೋಡೆಯ ಜಾಲರಿಯಿಂದ ಕೆಳಮನೆಯ ಲವಂಗದ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಅಲ್ಲಿದ್ದ ಜಾಂಜಿಬಾರಿನ ಆಂಟಿಯ ದನಿ ಬಂತು. "ಯಾರು ಅಳ್ತಿರೋದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಉಸಿರು ಬಿಗಿಹಿಡಿದೆ. ಬಿಲ್ಡಿಂಗಿನ ಮ್ಯಾನೇಜರನ್ನು ಕರೆಯಲೇ ಎಂದಾಗ ಮಾತ್ರ "ನೋ, ಪ್ಲೀಸ್" ಎಂದೆ.

"ಸರಿ, ಹೆಸರು ಹೇಳಬೇಡ. ಚೆನ್ನಾಗಿದೀಯಾ ಅಂತ ನಾನು ಕೇಳಿದಾಗೆಲ್ಲ, ಅಲ್ಲಿಂದ ನಮ್ಮನೆಗೆ ಇಳಿದು ಬರೋ ನೀರಿನ ಪೈಪಿಗೆ ಒಂದು ಸಲ ಬಡಿ. ಬಡಿಯದಿದ್ದರೆ ಎಲ್ಲರನ್ನೂ ಕರೀತೀನಿ."

ಅವರು ಕೇಳುತ್ತಲೇ ಇದ್ದರು. ನಾನು ಆ ಹಿಡಿಯಿಂದ ಬಡಿಯುತ್ತಲೇ ಇದ್ದೆ.

ಅಮ್ಮ ಬಂದು ಹೊರಗಿನಿಂದ ಬಾಗಿಲು ತೆಗೆದಳು. ಅಷ್ಟರಲ್ಲಿ ಆಂಟಿಯೂ ಮೇಲೆ ಬಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ಅಂಚೆ ತರಲು ಈಗಷ್ಟೇ ಕೆಳಗೆ ಹೋಗಿದ್ದೆ ಎಂದಳು.

ಆಂಟಿ ನನ್ನ ಕೆಂಪಾದ ಅಂಗೈ ಸವರಿದರು. "ನಮ್ಮೂರಲ್ಲಿ ತಾಯಿಯನ್ನು ಯಾರೂ ದೂರೋದಿಲ್ಲ. ಅಳು ಕೇಳಿಯೂ ಮನೇಲೇ ಕೂತವರನ್ನು ದೂರ್ತಾರೆ."

ಮರುದಿನ ಸ್ಕೂಲಿನಿಂದ ಬಂದು ನೋಡಿದರೆ, ಬಾತ್‌ರೂಮಿನ ಪೈಪಿನ ಪಕ್ಕದಲ್ಲಿ ಅಮ್ಮ ಒಂದು ಸ್ಟೀಲ್ ಚಮಚ ಇಟ್ಟಿದ್ದಳು.